ಗುಳ್ಳೆ ಹುಟ್ಟುವ ಜಾಗ

ಒಲೆಯ ಮೇಲೆ ನೀರು ಕುದಿಯುವುದನ್ನು ನೀವೆಲ್ಲ ನೋಡಿದ್ದೀರಿ. ಮುಂದಿನ ಸಲ ಪಾತ್ರೆಯ ತಳವನ್ನು ಗಮನವಿಟ್ಟು ನೋಡಿ. ಗುಳ್ಳೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಕೆಲವೇ ಜಾಗಗಳಿಂದ ಒಂದರ ಹಿಂದೆ ಒಂದು ಸಾಲಾಗಿ ಏಳುತ್ತವೆ. ಹೀಗೇಕೆ?

ನೀರಿನ ನಡುವೆ ಹೊಸ ಗುಳ್ಳೆ ಹುಟ್ಟುವುದು ಸುಲಭವಲ್ಲ. ನೀರಿನ ಮೇಲ್ಮೈ ಎಳೆತ ಅದನ್ನು ಹಿಸುಕುತ್ತದೆ. ಗುಳ್ಳೆ ಚಿಕ್ಕದಾದಷ್ಟೂ ಈ ಒತ್ತಡ ಹೆಚ್ಚು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗದಷ್ಟು ತ್ರಿಜ್ಯದ ಆವಿಗುಳ್ಳೆ ಬೆಳೆಯಬೇಕಾದರೆ ನೀರು 120 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರಿ ಕಾಯಬೇಕು! ಪಾತ್ರೆಯ ಗೀರು, ಕುಳಿಗಳಲ್ಲಿ ಸಿಕ್ಕಿಕೊಂಡ ಗಾಳಿ ಅಥವಾ ಆವಿ ಈ ಕಷ್ಟವನ್ನು ತಪ್ಪಿಸುತ್ತದೆ. ಅದೇ ಗುಳ್ಳೆಗೆ ಬೀಜ.

ಈ ಬೀಜ ಉಳಿಯುವುದೋ ಇಲ್ಲವೋ ಎಂಬುದು ಮೇಲ್ಮೈ ಎಷ್ಟು ಒದ್ದೆಯಾಗುತ್ತದೆ ಎಂಬುದನ್ನು ಅವಲಂಬಿಸಿದೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ಉರುಳುತ್ತದೆ. ಶುಚಿಯಾದ ಗಾಜಿನ ಮೇಲೆ ಹರಡಿಕೊಳ್ಳುತ್ತದೆ. ಹನಿಯ ಅಂಚು ಮೇಲ್ಮೈಯೊಡನೆ ನೀರಿನ ಕಡೆಯಿಂದ ಮಾಡುವ ಕೋನವೇ ಸ್ಪರ್ಶಕೋನ. ಅದು 90 ಡಿಗ್ರಿಗಿಂತ ಹೆಚ್ಚಿದ್ದರೆ ಮೇಲ್ಮೈ ನೀರನ್ನು ಒಲ್ಲದು, ಕಡಿಮೆಯಿದ್ದರೆ ಒಲಿಯುವುದು ಎಂದು ಹೇಳುತ್ತೇವೆ.

ನೀರನ್ನೊಲ್ಲದ ಮೇಲ್ಮೈಯ ಕುಳಿಗಳೊಳಗೆ ನೀರು ಸುಲಭವಾಗಿ ನುಗ್ಗದು, ಗಾಳಿ ಉಳಿಯುತ್ತದೆ. ಅಲ್ಲಿ ಕುದಿ ಬೇಗ ಆರಂಭವಾಗುತ್ತದೆ. ಹಾಗಾದರೆ ಅದೇ ಒಳ್ಳೆಯ ಮೇಲ್ಮೈಯೇ? ಅವಸರದ ತೀರ್ಮಾನ ಬೇಡ. ಅಲ್ಲಿ ಹುಟ್ಟಿದ ಗುಳ್ಳೆ ತಳ ಬಿಡದೆ ಅಗಲವಾಗಿ ಅಂಟಿಕೊಳ್ಳುತ್ತದೆ. ಪಕ್ಕದ ಗುಳ್ಳೆಗಳೊಡನೆ ಸೇರಿ ಆವಿಯ ಪೊರೆಯಾಗುತ್ತದೆ. ಆವಿ ಶಾಖವನ್ನು ಸರಿಯಾಗಿ ಒಯ್ಯದು. ಚೆನ್ನಾಗಿ ಕಾದ ದೋಸೆ ಕಾವಲಿಗೆ ಚಿಮುಕಿಸಿದ ಹನಿ ತಕ್ಷಣ ಆವಿಯಾಗದೆ ಓಡಾಡುವುದು ಇಂಥ ಪೊರೆಯ ಮೇಲೆಯೇ. ನೀರಿಗೊಲಿದ ಮೇಲ್ಮೈಯಲ್ಲಾದರೋ ಗುಳ್ಳೆ ತಡವಾಗಿ ಹುಟ್ಟಿದರೂ ಬೇಗ ಬಿಟ್ಟು ಹೋಗುತ್ತದೆ. ಆ ಜಾಗಕ್ಕೆ ನೀರು ಹರಿದು ಬರುತ್ತದೆ.

ಪೊರೆ ಮುಚ್ಚಿದರೆ ಏನಾದೀತು? ಜಪಾನಿನ ಶಿರೋ ನುಕಿಯಾಮಾ 1934ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನೀರಿನಲ್ಲಿ ಮುಳುಗಿಸಿದ ತೆಳು ತಂತಿಯನ್ನು ವಿದ್ಯುತ್ತಿನಿಂದ ಕಾಯಿಸಿದರು. ಶಾಖ ಒಂದು ಮಿತಿಯನ್ನು ದಾಟಿದೊಡನೆ ನಿಕ್ರೋಮ್ ತಂತಿ ನೀರಿನೊಳಗಿದ್ದೂ ಸುಟ್ಟು ತುಂಡಾಯಿತು! ಸಾಧಾರಣ ಒತ್ತಡದಲ್ಲಿ, ಸಮತಟ್ಟಾದ ಲೋಹದ ಮೇಲೆ ಈ ಮಿತಿ ಚದರ ಸೆಂಟಿಮೀಟರಿಗೆ ಸುಮಾರು 100 ವಾಟ್. 1969ರಲ್ಲಿ ಆರಂಭವಾದ ತಾರಾಪುರದ ಮೊದಲೆರಡು ಪರಮಾಣು ಘಟಕಗಳಂಥ ಕುದಿನೀರಿನ ರಿಯಾಕ್ಟರುಗಳಲ್ಲಿ ಇಂಧನ ಸರಳುಗಳ ಸುತ್ತಲೇ ನೀರು ಕುದಿಯುತ್ತದೆ. ಅಲ್ಲಿ ಇಂಥ ಮಿತಿ ದಾಟುವಂತೆಯೇ ಇಲ್ಲ. ಆದ್ದರಿಂದಲೇ ನೀರಿಗೊಲಿದ ಮೇಲ್ಮೈಯಲ್ಲಿ ನೀರನ್ನೊಲ್ಲದ ಸಣ್ಣ ಚುಕ್ಕೆಗಳನ್ನಿಟ್ಟು ಸಂಶೋಧಕರು ಪ್ರಯೋಗ ಮಾಡಿದ್ದಾರೆ. ಚುಕ್ಕೆಯಲ್ಲಿ ಗುಳ್ಳೆ ಹುಟ್ಟಬೇಕು, ಸುತ್ತಲ ನೀರು ಅದನ್ನು ಬೇಗ ಬಿಡಿಸಬೇಕು.

ಕೊನೆಗೊಂದು ಎಚ್ಚರಿಕೆಯ ಮಾತು. ನುಣುಪಾದ, ಶುಚಿಯಾದ ಗಾಜಿನ ಫ್ಲಾಸ್ಕಿನಲ್ಲಿ ಬೀಜಗಳು ಕಡಿಮೆ. ನೀರು 100 ಡಿಗ್ರಿ ದಾಟಿದರೂ ಸುಮ್ಮನಿದ್ದು, ಒಮ್ಮೆಲೇ ಉಕ್ಕಿ ಸಿಡಿಯಬಹುದು. ಆದ್ದರಿಂದ ಕಾಯಿಸುವ ಮೊದಲೇ ಪಿಂಗಾಣಿ ಚೂರುಗಳನ್ನು ಹಾಕಿ. ಕಾದ ಮೇಲೆ ಎಂದಿಗೂ ಹಾಕಬೇಡಿ. ಏಕೆಂದು ಈಗ ನೀವೇ ಹೇಳಬಲ್ಲಿರಿ.