1948: ಲೋಕದ ಲೆಕ್ಕ, ನಮ್ಮೂರ ಲೆಕ್ಕ

(ಬೆಳ್ಳಿ ಹಬ್ಬದ ಅಂಗವಾಗಿ ಪೋತ್ನಾಳದಲ್ಲಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಸಂತೋಷದಲ್ಲಿ ನಮಗೂ ಎರಡು ಮಾತಾಡಲು ಹೇಳಿದ್ದಾರೆ. ಸಾಲ, ಗೊಬ್ಬರ, ವಸೂಲಿ ಬಗ್ಗೆ ಮಾತಾಡುವವರು ಬಹಳ ಜನ ಇದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ, ಆದರೆ ಇತಿಹಾಸದ ಪುಸ್ತಕ ಕಂಡರೆ ಬಿಡುವವರಲ್ಲ. ಅದಕ್ಕೇ ಇವತ್ತು ಒಂದೇ ವರ್ಷದ ವಿಷಯ ಹೇಳುತ್ತೇವೆ. ಅದು 1948. ಪಂಚಾಂಗದ ಪ್ರಕಾರ ಆ ಯುಗಾದಿಯಿಂದ ಸರ್ವಧಾರಿ ಸಂವತ್ಸರ. ನಮ್ಮ ಹಿರಿಯರ ಬಾಯಲ್ಲಿ ಅದು ‘ರಜಾಕಾರರ ಗದ್ದಲದ ವರ್ಷ’, ‘ಪೊಲೀಸ್ ಆಕ್ಷನ್ ವರ್ಷ’.

ಮೊದಲು ಲೋಕದ ಲೆಕ್ಕ ನೋಡೋಣ. ಜನವರಿ 4ರಂದು ಬರ್ಮಾ, ಫೆಬ್ರವರಿ 4ರಂದು ಸಿಲೋನ್ ಸ್ವತಂತ್ರವಾದವು. ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನೆಗೆ ಹೊರಟಿದ್ದ ಗಾಂಧೀಜಿಯವರು ಗುಂಡಿಗೆ ಬಲಿಯಾದರು. ಅದೇ ದಿನ ಅಮೆರಿಕದಲ್ಲಿ ಆರ್ವಿಲ್ ರೈಟ್ ತೀರಿಕೊಂಡರು. 1903ರಲ್ಲಿ ಮೊದಲು ವಿಮಾನ ಹಾರಿಸಿದ ಅಣ್ಣತಮ್ಮಂದಿರಲ್ಲಿ ಕಿರಿಯವರು ಅವರು. ಏಪ್ರಿಲ್ 7ರಂದು ವಿಶ್ವ ಆರೋಗ್ಯ ಸಂಸ್ಥೆ ಹುಟ್ಟಿತು. ಮೇ 14ರಂದು ಇಸ್ರೇಲ್ ದೇಶದ ಘೋಷಣೆಯಾಯಿತು. ಆ ಭಾಗದ ಜಗಳ ಇನ್ನೂ ಆರಿಲ್ಲ. ಆಗಸ್ಟ್ 12ರಂದು ಲಂಡನ್ ಒಲಿಂಪಿಕ್ಸ್ ಹಾಕಿಯಲ್ಲಿ ನಮ್ಮವರು ಬ್ರಿಟನ್ ತಂಡವನ್ನು 4-0ಯಿಂದ ಸೋಲಿಸಿದರು. ನಮ್ಮನ್ನು ಆಳಿದವರ ಊರಲ್ಲೇ ಸ್ವತಂತ್ರ ಭಾರತದ ಮೊದಲ ಚಿನ್ನ! ಸೆಪ್ಟೆಂಬರ್ 11ರಂದು ಕರಾಚಿಯಲ್ಲಿ ಜಿನ್ನಾ ತೀರಿಹೋದರು. ಡಿಸೆಂಬರ್ 10ರಂದು ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಹೊರಡಿಸಿತು.

ಹುಟ್ಟಿದವರೂ ಕಡಿಮೆ ಜನರಲ್ಲ. ಫೆಬ್ರವರಿ 24ರಂದು ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಮುಂದೆ ತಮಿಳುನಾಡಿನ ಮುಖ್ಯಮಂತ್ರಿಯಾದರು. ನವೆಂಬರ್ 14ರಂದು ಹುಟ್ಟಿದ ಚಾರ್ಲ್ಸ್ 2022ರಲ್ಲಿ ಬ್ರಿಟನ್ನಿನ ರಾಜರಾದರು. ಇವರೆಲ್ಲರ ತಾರೀಖು, ಗಳಿಗೆ ಸಮೇತ ಪುಸ್ತಕದಲ್ಲಿದೆ.

ಇನ್ನು ನಮ್ಮೂರ ಲೆಕ್ಕ. 1947ರ ಆಗಸ್ಟ್ 15ರಂದು ದೇಶ ಸ್ವತಂತ್ರವಾದರೂ ನಮ್ಮ ರಾಯಚೂರು ಜಿಲ್ಲೆ ನಿಜಾಮರ ಆಳ್ವಿಕೆಯಲ್ಲೇ ಉಳಿಯಿತು. ಕಾಸಿಂ ರಜ್ವಿಯ ರಜಾಕಾರರ ಹಾವಳಿ ಹಳ್ಳಿ ಹಳ್ಳಿಗೆ ಮುಟ್ಟಿತು. 1948ರ ಮೇ ತಿಂಗಳಲ್ಲಿ ಬೀದರ್ ಕಡೆಯ ಗೋರ್ಟಾದಲ್ಲಿ ಆದ ಹತ್ಯಾಕಾಂಡ ಇಂದಿಗೂ ಜನ ಮರೆತಿಲ್ಲ. ಎಷ್ಟೋ ಮನೆತನದವರು ಗಂಟುಮೂಟೆ ಕಟ್ಟಿ ಗಡಿ ದಾಟಿದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳಿದ್ದವು. ನಮ್ಮ ಕಡೆಯವರಿಗೆ ತುಂಗಭದ್ರಾ ಹೊಳೆಯೇ ಗಡಿ. ಹೊಳೆ ದಾಟಿದರೆ ಮದ್ರಾಸ್ ಪ್ರಾಂತ್ಯ. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಗೆ ಬಂತು. ಐದೇ ದಿನ! 17ರಂದು ನಿಜಾಮರು ಸೋಲೊಪ್ಪಿದರು. ಆ ನಂತರ ಏನೂ ತಪ್ಪು ಮಾಡದ ಎಷ್ಟೋ ಮುಸಲ್ಮಾನ ಮನೆತನಗಳೂ ನೊಂದವು. ಅದನ್ನು ವಿಚಾರಿಸಲು ಪಂಡಿತ ಸುಂದರಲಾಲ್ ಸಮಿತಿ ಬಂದಿತ್ತು. ಆ ಕಾಲದಲ್ಲಿ ನೊಂದ ಎರಡೂ ಕಡೆಯವರ ಮಕ್ಕಳು, ಮೊಮ್ಮಕ್ಕಳು ಇವತ್ತು ನಮ್ಮ ಸಂಘದ ಷೇರು ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಇದ್ದಾರೆ. ಅದು ನಮಗೆ ದೊಡ್ಡ ಹೆಮ್ಮೆ.

ಆಗ ನಮ್ಮ ಕಡೆ ಕಾಲುವೆ ಇಲ್ಲ, ಭತ್ತ ಇಲ್ಲ. ಜೋಳ, ಸಜ್ಜೆ, ಹತ್ತಿ ಅಷ್ಟೇ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಅಡಿಗಲ್ಲು ಬಿದ್ದಿತ್ತು. ನೀರು ಬಿಟ್ಟದ್ದು 1953ರಲ್ಲಿ.

ನಮ್ಮ ತಂದೆ ಹುಟ್ಟಿದ್ದು ಆ ಗದ್ದಲದಲ್ಲೇ. ಅಜ್ಜಿ ಹೇಳುತ್ತಿದ್ದ ಮಾತು ಇಷ್ಟೇ: “ನಿಮ್ಮಪ್ಪ ಹೊಳಿ ಆಚಿ ದಂಡ್ಯಾಗ, ಬೀಗರ ಮನ್ಯಾಗ ಹುಟ್ಟಿದವ. ಸಜ್ಜಿ ತೆನಿ ಹಿಡದಿತ್ತು. ಹುಟ್ಟಿ ಐದಾರು ದಿನಕ್ಕ ಮಿಲ್ಟ್ರಿ ಒಳಗ ಹೋತಂತ ಸುದ್ದಿ ಬಂತು.” ನಾವು ಲೆಕ್ಕ ಹಾಕಿದರೆ ಅದು ಸೆಪ್ಟೆಂಬರ್ ಎರಡನೆಯ ವಾರ. ಅಂದರೆ ಜಿನ್ನಾ ಸತ್ತ ಆಸುಪಾಸಿನಲ್ಲೇ. ಆದರೆ ಶಾಲೆಗೆ ಹಾಕಿದಾಗ ಬರೆಸಿದ್ದು 1-6-1950. ನಮ್ಮ ಕಡೆ ಅರ್ಧ ಊರೇ ಜೂನ್ ಒಂದಕ್ಕೆ ಹುಟ್ಟಿದೆ, ತಮಗೆ ಗೊತ್ತಿದ್ದದ್ದೇ. ಮುಖ್ಯಮಂತ್ರಿ ಹುದ್ದೆಗೇರಿದ ಸಿದ್ದರಾಮಯ್ಯನವರೂ ತಮ್ಮ ಹುಟ್ಟಿದ ತಾರೀಖು ಮೇಷ್ಟ್ರು ಬರೆಸಿದ್ದೇ ಎಂದು ಹೇಳಿದ್ದುಂಟು. ಆದರೆ ನಮ್ಮಂಥ ಬಡವರಿಗೆ ಅದು ಬರೀ ನಗುವ ಮಾತಲ್ಲ. ವೃದ್ಧಾಪ್ಯ ಪಿಂಚಣಿಗೆ 65 ಆಗಬೇಕು ಅಂದರು, ಕಾಗದ ನೋಡಿದರು, ನಮ್ಮ ತಂದೆಗೆ ಎರಡು ವರ್ಷ ತಡವಾಯಿತು.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಅದೇ ಬೇಸಿಗೆಯಲ್ಲಿ ಹೊಳೆ ದಾಟಿದಾಗ ಅಜ್ಜಿಯ ಮೂರು ವರ್ಷದ ಮಗಳು ವಾಂತಿಭೇದಿಯಾಗಿ ತೀರಿತು. ಹೊಳೆದಂಡೆಯಲ್ಲೇ ಮಣ್ಣು ಮಾಡಿದರಂತೆ. ಆ ಕೂಸಿನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಅಜ್ಜಿಗೆ ಗೊತ್ತಿತ್ತು, ನಾವು ಕೇಳಲಿಲ್ಲ. ಕೇಳಬೇಕು ಅನ್ನಿಸುವಷ್ಟರಲ್ಲಿ ಅಜ್ಜಿಯೇ ಇಲ್ಲ. ಆರ್ವಿಲ್ ರೈಟ್ ಸತ್ತ ದಿನ ನಮಗೆ ಬಾಯಿಪಾಠ; ಸ್ವಂತ ಸೋದರತ್ತೆಯ ಹೆಸರು ಗೊತ್ತಿಲ್ಲ. ಇದನ್ನು ಹೇಳಲು ನಾಚಿಕೆಯಾಗುತ್ತದೆ.

ಇದನ್ನೆಲ್ಲ ಇಲ್ಲಿ ಯಾಕೆ ಹೇಳಿದೆವು ಅಂದರೆ, ಬೆಳ್ಳಿ ಹಬ್ಬಕ್ಕೆಂದು ನಮ್ಮ ಸಂಘದ ಸದಸ್ಯರ ರಿಜಿಸ್ಟರ್ ತೆಗೆದು ಕುಂತಾಗ ಅದೇ ಕಥೆ ಕಂಡಿತು. ತೀರಿಕೊಂಡು ಹತ್ತು ವರ್ಷವಾದವರೂ ಪುಸ್ತಕದಲ್ಲಿ ಬದುಕಿದ್ದಾರೆ. ವಾರಸುದಾರರ ಹೆಸರು ಬರೆಯುವ ಕಾಲಂ ಎಷ್ಟೋ ಕಡೆ ಖಾಲಿ. ಗಂಡನ ಷೇರು ಹಣಕ್ಕಾಗಿ ಒಬ್ಬ ತಾಯಿ ಮೂರು ಸಲ ಬಂದು ಬರಿಗೈಲಿ ಹೋದರು. ಅದು ಆ ತಾಯಿಯ ತಪ್ಪಲ್ಲ, ಕೇಳಿ ಬರೆದುಕೊಳ್ಳದ ನಿರ್ದೇಶಕರಾದ ನಮ್ಮ ತಪ್ಪು. ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ.

ಆದ್ದರಿಂದ ತಮ್ಮಲ್ಲಿ ಮೂರು ಬೇಡಿಕೆ. ಒಂದು, ಬರುವ ವಾರ್ಷಿಕ ಮಹಾಸಭೆಯೊಳಗೆ ಪ್ರತಿಯೊಬ್ಬ ಸದಸ್ಯರೂ ಬಂದು ವಾರಸುದಾರರ ಹೆಸರು ಬರೆಸಬೇಕು. ಎರಡು, ಮನೆಯಲ್ಲಿ ಹುಟ್ಟಿದರೂ ಸತ್ತರೂ 21 ದಿನದೊಳಗೆ ನೋಂದಣಿ ಮಾಡಿಸಬೇಕು. ಇದಕ್ಕೆ 1969ರಿಂದಲೇ ಕಾಯ್ದೆ ಇದೆ. 2023ರ ಅಕ್ಟೋಬರ್ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಎಲ್ಲದಕ್ಕೂ ಆ ಒಂದು ಕಾಗದವೇ ಆಧಾರ. ಮೂರನೆಯದು, ಸಂಘದ ಕಚೇರಿಯಲ್ಲಿ ಒಂದು ದಪ್ಪ ನೋಟುಬುಕ್ಕು ಇಟ್ಟಿದ್ದೇವೆ. ಮನೆಯ ಹಿರಿಯರು ಇದ್ದಾಗಲೇ ಕೇಳಿ, ಯಾರು ಯಾವ ಮಳೆಗೆ ಹುಟ್ಟಿದರು, ಯಾವ ಬರಕ್ಕೆ ಹೋದರು ಎಂಬುದನ್ನು ಅದರಲ್ಲಿ ಬರೆಸಿರಿ. ಮೊದಲ ಪುಟದಲ್ಲಿ ನಮ್ಮ ಸೋದರತ್ತೆಯ ವಿಷಯ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟಿದ್ದೇವೆ. ತಮ್ಮ ಪುಟದಲ್ಲಿ ಆ ಜಾಗ ಖಾಲಿ ಉಳಿಯಬಾರದು.