ಅಚ್ಚಿನ ವಿದ್ಯೆ



ನಮ್ಮ ಬಳಗಾನೂರಿನ ಮನೆಯಂಗಳದಲ್ಲಿರುವ ಪ್ಲಾಸ್ಟಿಕ್ ಬಕೀಟೊಂದನ್ನು ಬೋರಲು ಹಾಕಿ ನೋಡಿದರೆ, ತಳದ ನಟ್ಟನಡುವೆ ಚಿಕ್ಕದೊಂದು ಗುರುತು ಸಾಮಾನ್ಯವಾಗಿ ಗೋಚರಿಸುತ್ತದೆ. ಕರಗಿದ ಪ್ಲಾಸ್ಟಿಕ್ ಉಕ್ಕಿನ ಅಚ್ಚಿನೊಳಗೆ ಪ್ರವೇಶಿಸಿದ ದ್ವಾರವೇ ಅದು.

ಹೀಗೆ ಅಚ್ಚು ತುಂಬುವ ವಿದ್ಯೆ ಹಳೆಯದು. ಆನೆಯ ದಂತಕ್ಕೆ ಪರ್ಯಾಯವನ್ನರಸುತ್ತ ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕನ್ನು ರೂಢಿಗೆ ತಂದ ಅಮೆರಿಕದ ಜಾನ್ ವೆಸ್ಲಿ ಹಯಟ್, ಸೋದರ ಐಸಾಯನೊಡಗೂಡಿ, ಕಾವಿನಿಂದ ಮೆದುವಾದ ಆ ವಸ್ತುವನ್ನು ದಂಡದಿಂದೊತ್ತಿ ಅಚ್ಚಿಗೆ ತುಂಬುವ ಯಂತ್ರಕ್ಕೆ 1872ರಲ್ಲಿ ಪೇಟೆಂಟ್ ಪಡೆದನು. ಬಾಚಣಿಗೆ, ಗುಂಡಿಗಳಂಥ ಸಣ್ಣ ಪದಾರ್ಥಗಳಿಗೆ ಅದು ಸಾಕಾಯಿತು. ಆದರೆ ದಂಡವು ನೂಕಬಲ್ಲುದಲ್ಲದೆ ಕಲಸಲಾರದು. ಅಂಚಿನ ದ್ರವ್ಯ ಅತಿಯಾಗಿ ಕಾದರೂ ನಡುವಣದು ಅರೆಬೆಂದೇ ಉಳಿಯುತ್ತಿತ್ತು. 1946ರಲ್ಲಿ ಜೇಮ್ಸ್ ಹೆಂಡ್ರಿ ಎಂಬಾತನು ದಂಡದ ಸ್ಥಾನದಲ್ಲಿ ತಿರುಗುವ ಸ್ಕ್ರೂವನ್ನಿರಿಸಿದಾಗ, ಪ್ಲಾಸ್ಟಿಕ್ ಕಾಳುಗಳು ಅದರ ಸುರುಳಿಯಲ್ಲಿ ತಿಕ್ಕಾಡಿ, ಕರಗಿ, ಸಮರಸವಾಗಿ ಮುಂದೆ ಸಾಗುವಂತಾಯಿತು. 1954ರಲ್ಲಿ ಇಟಲಿಯ ಜೂಲಿಯೊ ನಟ್ಟಾ ಸಿದ್ಧಪಡಿಸಿದ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್, ಇಂದು ಸಿಂಧನೂರಿನ ಮದುವೆಚಪ್ಪರಗಳಲ್ಲಿ ಸಾಲುಗಟ್ಟುವ ಕುರ್ಚಿಗಳಿಗೆ ಶರೀರವಿತ್ತಿದೆ.

ಯಂತ್ರದ ಕಥೆ ಇಷ್ಟು. ನನ್ನ ಗೌರವವಾದರೋ ಹೆಚ್ಚಾಗಿ ಸಲ್ಲುವುದು ಅಚ್ಚು ಮಾಡುವವನಿಗೆ. ಇನ್ನೂರು ಡಿಗ್ರಿಗೂ ಮಿಕ್ಕ ಕಾವಿನಲ್ಲಿ ಒಳಹೊಕ್ಕ ಪಾಲಿಪ್ರೊಪಿಲೀನ್, ಆರುವಾಗ ನೂರು ಮಿಲಿಮೀಟರಿಗೆ ಒಂದೆರಡರಷ್ಟು ಕುಗ್ಗುವುದರಿಂದ, ಆತನು ಅಷ್ಟನ್ನೂ ಮುಂಗಂಡು ಉಕ್ಕಿನ ಪೊಳ್ಳನ್ನು ಹಿಗ್ಗಿಸಿ ಕೊರೆಯಬೇಕು. ಬಕೀಟು ಸರಾಗವಾಗಿ ಕಳಚಿಬರಲೆಂದು ಗೋಡೆಗಳಿಗೆ ಕಿಂಚಿತ್ ಇಳಿಜಾರು ಕೊಡಬೇಕು. ತಂಪುನೀರು ಹರಿಯುವ ನಾಳಗಳನ್ನು ಒಳಗೇ ತೋಡಬೇಕು. ಸಿಕ್ಕಿಕೊಂಡ ಗಾಳಿಗೆ ಹಾದಿ ಬಿಡಬೇಕು. ದಪ್ಪವು ಒಂದೆಡೆ ಹೆಚ್ಚಾದರೆ ಅಲ್ಲಿ ಗುಳಿ ಬೀಳುವುದು. ಒಂದೇ ಅಚ್ಚಿನಿಂದ ಲಕ್ಷಾಂತರ ಪಾತ್ರೆಗಳು ಹೊರಬರುವುದರಿಂದ ಅದರ ದೋಷವೂ ಲಕ್ಷಾಂತರ ಮನೆಗಳನ್ನು ಸೇರುತ್ತದೆ. ಅಗ್ಗದ ವಸ್ತುವೆಂದು ನಾವು ಉಪೇಕ್ಷಿಸುವ ಬಕೀಟಿನ ಹಿಂದೆ ಶಿಲ್ಪಿಯದಕ್ಕೆ ಸಮನಾದ ಈ ಜಾಗರೂಕತೆಯಿದೆ. ಆ ಅಚ್ಚುಗಾರನ ಹೆಸರು ಮಾತ್ರ ಯಾರಿಗೂ ತಿಳಿಯದು.

ಅಚ್ಚು ಮಾಡುವ ಈ ವಿದ್ಯೆ ಕನ್ನಡನಾಡಿನಲ್ಲಿ ಕ್ರಮಬದ್ಧವಾಗಿ ಬೇರೂರುವುದಕ್ಕೆ, 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಬಹುಮಟ್ಟಿಗೆ ಕಾರಣವಾಯಿತು. ಜನರ ಬಾಯಲ್ಲಿ ಅದು ಜಿ.ಟಿ.ಟಿ.ಸಿ. ಮೈಸೂರಿನಲ್ಲಿ ಕೇಂದ್ರ ಸರ್ಕಾರದ ಸಿಪೆಟ್ ಸಂಸ್ಥೆ ಪ್ಲಾಸ್ಟಿಕ್ ತಂತ್ರಜ್ಞಾನವನ್ನೇ ಬೋಧಿಸುತ್ತಿದೆ. ಮಸ್ಕಿ, ಸಿಂಧನೂರು ಸೀಮೆಯವರಾದ ನಮಗೆ ಹತ್ತಿರದಲ್ಲಿರುವುದು ಜಿ.ಟಿ.ಟಿ.ಸಿ.ಯ ಲಿಂಗಸೂಗೂರು ಕೇಂದ್ರ. ಎಸ್.ಎಸ್.ಎಲ್.ಸಿ. ಮುಗಿಸಿದ ಬಾಲಕ ಬಾಲಕಿಯರು ಅಲ್ಲಿ ಅಚ್ಚು ಮತ್ತು ಉಪಕರಣಗಳ ತಯಾರಿಕೆ ಕಲಿಸುವ ಟೂಲ್ ಅಂಡ್ ಡೈ ಡಿಪ್ಲೊಮಾಕ್ಕೆ ಸೇರಿ ಮೂರು ವರ್ಷ ಕಲಿತು, ಮತ್ತೊಂದು ವರ್ಷ ಕಾರ್ಖಾನೆಯಲ್ಲಿ ಕೈಪಳಗಿಸಿಕೊಳ್ಳುತ್ತಾರೆ. ನಮ್ಮ ಈ ಸೀಮೆಯ ತಂದೆತಾಯಿಗಳು ಮಕ್ಕಳ ಮುಂದಿನ ಓದನ್ನು ಕುರಿತು ಯೋಚಿಸುವಾಗ, ಒಮ್ಮೆ ಆ ಕೇಂದ್ರದ ಕಾರ್ಯಶಾಲೆಯನ್ನು ಅವರೊಡನೆ ಹೋಗಿ ನೋಡಿಬರಬೇಕೆಂದು ವಿನಂತಿಸುತ್ತೇನೆ.