ಹೆಸರು ಹಚ್ಚಿದರೆ ಸಾಲದು, ಹಾಜರಿ ಉಳಿಯಬೇಕು

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ಒಂದು ಸಂಘವನ್ನು ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ಇಲ್ಲಿಯೂ ಬೆಳಗುತ್ತಿದೆ. ಬೀಜ, ಗೊಬ್ಬರ, ಸಾಲದ ಮಾತು ನನಗಿಂತ ನಿಮಗೇ ಹೆಚ್ಚು ಗೊತ್ತು. ನಾನು ಸಾಲಿ ಮಾಸ್ತರ, ಸಾಲಿಯ ಮಾತನ್ನೇ ಆಡುತ್ತೇನೆ. ಆದರೆ ಸಾಲಕ್ಕೂ ಸಾಲಿಗೂ ಒಂದು ಗಂಟು ಅದ. ಅದನ್ನೇ ಹೇಳಲಿಕ್ಕೆ ಬಂದೀನಿ.

ನಮ್ಮ ಭಾಗ ವಿದ್ಯೆಯಲ್ಲಿ ಹಿಂದುಳಿದದ್ದು ನಮ್ಮ ಮಕ್ಕಳು ದಡ್ಡರೆಂದು ಅಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಮಾತು ಉರ್ದು. ಶಾಲೆಗಳೇ ವಿರಳ. ಅಂಥ ಕಾಲದಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆ ಕಟ್ಟಿದರು. ಸರ್ಕಾರ ಮಾಡಲೆಂದು ಅವರು ಕಾಯುತ್ತಾ ಕೂಡಲಿಲ್ಲ.

ಆಮೇಲೆ ಸರ್ಕಾರವೂ ಮಾಡಿದೆ, ಇಲ್ಲವೆನ್ನಬಾರದು. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆ ರಾಜ್ಯಕ್ಕೆ ಬಂದಾಗ ಮೊದಲ ಹಂತದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರೂ ಒಂದು. 2002ರ ಜೂನ್‌ನಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾದದ್ದೂ ಮೊದಲು ಈ ಕಡೆಯ ಜಿಲ್ಲೆಗಳಲ್ಲಿಯೇ. 2010ರಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. 2013ರಲ್ಲಿ 371(ಜೆ) ಜಾರಿಗೆ ಬಂದು ಈ ಭಾಗದ ಕಾಲೇಜುಗಳಲ್ಲಿ ಶೇ. 70ರಷ್ಟು ಸೀಟು ನಮ್ಮ ಮಕ್ಕಳಿಗೇ ಮೀಸಲಾದವು. ಮೇಲಿನ ಬಾಗಿಲು ತೆರೆದದ. ಆದರೆ ಅಲ್ಲಿತನಕ ಮೆಟ್ಟಿಲು ಹತ್ತಿ ಬರುವವರೆಷ್ಟು ಮಂದಿ? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75 ದಾಟಿದಾಗ ನಮ್ಮ ಜಿಲ್ಲೆಯದು ಶೇ. 60ನ್ನೂ ಮುಟ್ಟಲಿಲ್ಲ. ಹೆಣ್ಣುಮಕ್ಕಳಲ್ಲಿ ಅರ್ಧದಷ್ಟು ಮಂದಿಗೂ ಅಕ್ಷರ ಬರುತ್ತಿರಲಿಲ್ಲ.

ಜೂನ್‌ನಲ್ಲಿ ಎಲ್ಲರೂ ಹೆಸರು ಹಚ್ಚುತ್ತಾರೆ. ದೀಪಾವಳಿ ಮುಗಿದು ಹತ್ತಿ ಒಡೆಯಿತೆಂದರೆ ಹಿಂದಿನ ಸಾಲು ಖಾಲಿ. ಮನೆಗೆ ಹೋಗಿ ಕೇಳಿದರೆ, "ಈ ಸುಗ್ಗಿ ಒಂದು ಮುಗೀಲಿರೀ ಸರ, ಆಮ್ಯಾಲೆ ಕಳಸ್ತೀವಿ" ಅಂತಾರೆ. ಲೆಕ್ಕ ಹಾಕಿ ನೋಡಿರಿ. ಕಾಯ್ದೆಯ ಪ್ರಕಾರ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ ಶಾಲೆ ನಡೆಯಬೇಕು. ಮೂರು ತಿಂಗಳು ಹತ್ತಿ ಬಿಡಿಸಲು ಹೋದರೆ ಎಪ್ಪತ್ತು ದಿನದ ಮೇಲೆ ಹೋಯಿತು. ಮೂರು ಚೀಲದಲ್ಲಿ ಒಂದು ಚೀಲ ದಾರಿಯಲ್ಲೇ ಸೋರಿಹೋದಂತೆ. ಆ ದಿನಗಳಲ್ಲೇ ಭಾಗಾಕಾರ ಕಲಿಸಿರುತ್ತಾರೆ. ಮರಳಿ ಬಂದ ಹುಡುಗನಿಗೆ ಮುಂದಿನ ಲೆಕ್ಕ ತಿಳಿಯುವುದಿಲ್ಲ. ನಾಚಿಕೊಂಡು ಹಿಂದೆ ಕೂಡುತ್ತಾನೆ, ಎಂಟನೆಯ ತರಗತಿಗೆ ಬರುವಷ್ಟರಲ್ಲಿ ಸಾಲಿಯನ್ನೇ ಬಿಡುತ್ತಾನೆ.

ಗುಳೆಯದು ಇನ್ನೂ ಕಷ್ಟ. ಮಳೆ ಕೈಕೊಟ್ಟ ವರ್ಷ ಮೇಸ್ತ್ರಿ ಮುಂಗಡ ಹಣ ಕೊಡುತ್ತಾನೆ. ಸಂಸಾರಕ್ಕೆ ಸಂಸಾರವೇ ಬೆಂಗಳೂರಿಗೋ ಹೈದರಾಬಾದಿಗೋ ರೈಲು ಹತ್ತುತ್ತದೆ. ಗಾರೆ ಕೆಲಸದ ಜಾಗದಲ್ಲಿ ದೊಡ್ಡ ಹುಡುಗಿ ಸಣ್ಣ ಕೂಸನ್ನು ಆಡಿಸುತ್ತಾ ಕೂಡುತ್ತಾಳೆ. ತಂದೆ-ತಾಯಿಯನ್ನು ಬೈದು ಪ್ರಯೋಜನವಿಲ್ಲ. ಹೊಟ್ಟೆ ಕೇಳಬೇಕಲ್ಲ? ಸಾಲಕ್ಕೂ ಸಾಲಿಗೂ ಇರುವ ಗಂಟು ಇದೇ. ಸಾಲ ಸಕಾಲಕ್ಕೆ ಸಿಕ್ಕ ಮನೆ ಮೇಸ್ತ್ರಿಯ ಮುಂಗಡಕ್ಕೆ ಕೈಚಾಚುವುದಿಲ್ಲ. ಮುಂಗಡ ಹಿಡಿಯದ ಮನೆಯ ಮಗು ಊರಲ್ಲೇ ಉಳಿಯುತ್ತದೆ.

ಆದ್ದರಿಂದ ಸಂಘದ ಮುಂದೆ ನಾಲ್ಕು ಸೂಚನೆ ಇಡುತ್ತೇನೆ.

ಒಂದು, ಕೂಲಿಕಾರ ಮನೆಯ ಹೆಣ್ಣುಮಕ್ಕಳ ಸ್ವಸಹಾಯ ಗುಂಪುಗಳಿಗೆ ದಸರೆಗೆ ಮುಂಚೆಯೇ ಸಣ್ಣ ಸಾಲ ಸಿಗುವಂತಾಗಲಿ.

ಎರಡು, ವಾರ್ಷಿಕ ಮಹಾಸಭೆಯಲ್ಲಿ ಬಾಕಿದಾರರ ಪಟ್ಟಿ ಓದುತ್ತೀರಿ. ಜೊತೆಗೆ ನವೆಂಬರ್‌ನಿಂದ ಫೆಬ್ರವರಿವರೆಗೆ ಊರಿನ ಎಷ್ಟು ಮಕ್ಕಳು ಶಾಲೆಗೆ ಬಂದರು ಎಂಬ ಲೆಕ್ಕವನ್ನೂ ಓದಿರಿ. ಹೆಸರು ಬೇಡ, ಸಂಖ್ಯೆ ಸಾಕು.

ಮೂರು, ಗುಳೆ ಹೋಗುವವರು ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟುಹೋದರೆ ಸಂಜೆ ಅವರನ್ನು ಕೂಡಿಸಿ ಓದಿಸಲು ಸಂಘದ ಕಟ್ಟಡದಲ್ಲಿ ಒಂದು ಕೋಣೆ, ಒಂದು ದೀಪ ಕೊಡಿರಿ. ಪಿ.ಯು.ಸಿ. ಓದಿದ ಹುಡುಗ-ಹುಡುಗಿಯರು ಊರಲ್ಲಿದ್ದಾರೆ, ಅವರೇ ಹೇಳಿಕೊಡಲಿ. ನಿಯಮ ಒಪ್ಪುವಷ್ಟು ಹಣವನ್ನು ಲಾಭದಲ್ಲಿ ಇದಕ್ಕೆ ತೆಗೆದಿಡಿರಿ.

ನಾಲ್ಕು, ಶಾಲಾಭಿವೃದ್ಧಿ ಸಮಿತಿಯ ಸಭೆಗೆ ಹೋಗಿರಿ. ಸಹಿ ಹಾಕಿ, ಚಹಾ ಕುಡಿದು ಬರಬೇಡಿರಿ. ಮಾಸ್ತರರ ಹುದ್ದೆ ಖಾಲಿ ಇದ್ದರೆ ಬರವಣಿಗೆಯಲ್ಲಿ ಕೇಳಿರಿ. ಐದನೆಯ ತರಗತಿಯ ಮಗುವಿನ ಕೈಗೆ ಪುಸ್ತಕ ಕೊಟ್ಟು ಒಂದು ಪುಟ ಓದಿಸಿರಿ. ಓದಲು ಬಾರದಿದ್ದರೆ ಮಾಸ್ತರರನ್ನೂ ಕೇಳಿರಿ, ನಿಮ್ಮನ್ನೂ ಕೇಳಿಕೊಳ್ಳಿರಿ.

ತಾಯಂದಿರಿಗೆ ಒಂದು ಮಾತು. ಏಳನೆಯ ತರಗತಿ ಆಯಿತು, ಸಾಕು ಎಂದು ಹುಡುಗಿಯನ್ನು ಬಿಡಿಸಬೇಡಿರಿ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ನಾಲ್ಕೈದು ಹುಡುಗಿಯರು ಜೋಡಿಯಾಗಿ ಹೋಗಲಿ. ಬಸ್ಸು ಸಾಲಿಯ ಹೊತ್ತಿಗೆ ಬರದಿದ್ದರೆ ಡಿಪೋಕ್ಕೆ ಅರ್ಜಿ ಬರೆಯುವ ಕೆಲಸ ಸಂಘದ್ದಾಗಲಿ.

ಒಬ್ಬನಿಂದ ಆಗದ್ದು ಹತ್ತು ಮಂದಿ ಕೂಡಿದರೆ ಆಗುತ್ತದೆ ಎಂಬುದೇ ಸಹಕಾರ. ಹೊಲಕ್ಕೆ ಅದನ್ನು ಮಾಡಿ ತೋರಿಸಿದ್ದೀರಿ. ಮುಂದಿನ ಇಪ್ಪತ್ತೈದು ವರ್ಷ ಮಕ್ಕಳಿಗಾಗಿಯೂ ಮಾಡಿರಿ. ಸುವರ್ಣ ಮಹೋತ್ಸವದ ಹೊತ್ತಿಗೆ ಈ ಸಂಘದ ಲೆಕ್ಕಪುಸ್ತಕದಲ್ಲಿ ಹೆಬ್ಬೆಟ್ಟಿನ ಗುರುತು ಒಂದೂ ಇರದಿರಲಿ ಎಂದು ಹಾರೈಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.